ಫಿರಂಗಿ ಹತ್ತಿದ ದಾರಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಶಾಬರ್ತೋನ್ ಬೆಟ್ಟಕ್ಕೆ ಸೈಕಲ್‌ನಲ್ಲಿ ಹೋಗಿಬಂದೆ ಅಂತ ಆಫೀಸಿನಲ್ಲಿ, ವಾಟ್ಸಾಪ್ ಗುಂಪಿನಲ್ಲಿ, ಎಲ್ಲ ಕಡೆ ಹೇಳಿಕೊಂಡಿದ್ದೇನೆ. ನಿಜಕ್ಕೂ ಆದದ್ದು ಏನೆಂದರೆ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ದೂರ ಸೈಕಲ್ ನನ್ನನ್ನು ಹೊತ್ತಿತು. ಉಳಿದ ದೂರ ನಾನು ಅದನ್ನು ತಳ್ಳಿದೆ. ಎರಡು ಕಡೆ ಹೆಗಲ ಮೇಲೆ ಹಾಕಿಕೊಂಡು ನಡೆದೆ. ಮದುವೆಯಾದ ಹೊಸತರಲ್ಲಿ ಹೆಂಡತಿ ಹೇಳುತ್ತಿದ್ದಳು, ನಿಮ್ಮ ಸೈಕಲ್ಲಿಗಿರೋ ಯೋಗ ನನಗಿಲ್ಲ ಅಂತ. ಅವತ್ತು ಅವಳ ಮಾತು ಸರಿ ಅನ್ನಿಸಿತು.

ಶಾಬರ್ತೋನ್ ಇರುವುದು ಆಲ್ಪ್ಸ್‌ನಲ್ಲಿ, ಇಟಲಿ ಮತ್ತು ಫ್ರಾನ್ಸ್ ಗಡಿಯಲ್ಲಿ. ಎತ್ತರ 3,131 ಮೀಟರ್. ನಾನು ಕೆಲಸಕ್ಕಿರುವುದು ತೂರಿನ್‌ನಲ್ಲಿ. ಅಲ್ಲಿಂದ ಬಾರ್ದೊನೆಕ್ಕಿಯಾ ಕಡೆಯ ರೈಲು ಹತ್ತಿ ಉಲ್ಕ್ಸ್ ಎಂಬ ಊರಲ್ಲಿ ಇಳಿದರೆ, ಕಣಿವೆಯಲ್ಲಿ ಆರೇಳು ಕಿಲೋಮೀಟರ್ ಸೈಕಲ್ ತುಳಿದು ಫೆನಿಲ್ಸ್ ಸೇರಬಹುದು. ಕಲ್ಲಿನ ಮನೆಗಳ ಪುಟ್ಟ ಹಳ್ಳಿ. ಅಲ್ಲಿಂದ ಬೆಟ್ಟದ ತುದಿಯವರೆಗೆ ಇಟಲಿಯ ಸೈನ್ಯ ಫಿರಂಗಿ ಹತ್ತಿಸಲು ಒಂದು ದಾರಿ ಹಾಕಿತ್ತು. ನೂರು ವರ್ಷ ದಾಟಿದೆ. ಈಗ ಅದರಲ್ಲಿ ಮೋಟಾರು ವಾಹನ ಹೋಗುವಂತಿಲ್ಲ. ನಡೆಯುವವರು, ಕುರಿಗಳು, ಮತ್ತೆ ನನ್ನಂಥವರು.

ಲೆಕ್ಕ ಹೇಳಿದರೆ ಅಂದಾಜು ಸಿಗುತ್ತದೆ. ಫೆನಿಲ್ಸ್ ಇರುವುದು 1,276 ಮೀಟರ್ ಎತ್ತರದಲ್ಲಿ. ನಮ್ಮ ನಂದಿಬೆಟ್ಟದ ತುದಿಗಿಂತ ಇನ್ನೂರು ಮೀಟರ್ ತಗ್ಗು, ಅಷ್ಟೇ. ಅಲ್ಲಿಂದ ಶುರು ಮಾಡಿ ಮೇಲಕ್ಕೆ 1,855 ಮೀಟರ್ ಹತ್ತಬೇಕು. ಮಂಗಳೂರಿನ ಕಡಲ ದಂಡೆಯಿಂದ ಮುಳ್ಳಯ್ಯನಗಿರಿ ತುದಿಗೆ ಎಷ್ಟು ಏರು ಇದೆಯೋ ಹೆಚ್ಚುಕಡಿಮೆ ಅಷ್ಟು. ಆದರೆ ಅದಕ್ಕೆ ಇಲ್ಲಿ ಸಿಗುವ ದಾರಿ ಹತ್ತಿರ ಹತ್ತಿರ 14 ಕಿಲೋಮೀಟರ್ ಮಾತ್ರ. ನೂರು ಮೀಟರ್ ಮುಂದೆ ಹೋದರೆ ಹದಿಮೂರು ಮೀಟರ್ ಮೇಲೆ. ಅದೂ ಡಾಂಬರಿಲ್ಲದ ಜಲ್ಲಿಯ ಮೇಲೆ.

ಅಪ್ಪನಿಗೆ ಫೋನಿನಲ್ಲಿ ಈ ಲೆಕ್ಕ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹದಿಮೂರಾ? ಆ ಚಡಾವಿಗೆ ಫಿರಂಗಿ ಹೆಂಗೆ ಎಳೆದರು ಮಾರಾಯ?" ಎಂದರು.

ಅಪ್ಪ ಪಿಡಬ್ಲ್ಯುಡಿಯಲ್ಲಿ ಮೇಸ್ತ್ರಿಯಾಗಿದ್ದರು. ಕೊಟ್ಟಿಗೆಹಾರದ ಕೆಳಗೆ, ಚಾರ್ಮಾಡಿ ಘಾಟಿಯಲ್ಲಿ. ರಜೆಯ ದಿನಗಳಲ್ಲಿ ನನ್ನನ್ನು ಸೈಕಲ್ಲಿನ ಬಾರ್ ಮೇಲೆ ಕೂರಿಸಿಕೊಂಡು ಘಾಟಿಗೆ ಕರೆದುಕೊಂಡು ಹೋಗುತ್ತಿದ್ದರು. ಇಳಿಯುವಾಗ ಖುಷಿ, ವಾಪಸ್ ಬರುವಾಗ ಇಬ್ಬರೂ ತಳ್ಳುವುದು. ಪ್ರತಿ ಮೋರಿಯ ಹತ್ತಿರ ಸೈಕಲ್ ನಿಲ್ಲಿಸುತ್ತಿದ್ದರು. ಬಗ್ಗಿ, ತೋಳಿನವರೆಗೆ ಕೈ ಹಾಕಿ, ಒಳಗೆ ಸಿಕ್ಕಿಕೊಂಡ ತರಗೆಲೆ, ಕೊಂಬೆ, ಒಮ್ಮೊಮ್ಮೆ ಯಾರೋ ಎಸೆದ ಗೋಣಿಚೀಲ ಎಳೆದು ಹಾಕುತ್ತಿದ್ದರು. ಅದು ಗ್ಯಾಂಗ್‌ಮನ್‌ಗಳ ಕೆಲಸ. ಇವರಿಗೆ ತಡೆಯುತ್ತಿರಲಿಲ್ಲ. "ರಸ್ತೆ ಹಾಳಾಗೋದು ಲಾರಿಯಿಂದ ಅಲ್ಲ, ನೀರಿಂದ" ಅನ್ನುವುದು ಅವರ ಮಾತು. ಹಾವಿರಬಹುದು ಅಂತ ನಾನು ಹೆದರಿ ದೂರ ನಿಲ್ಲುತ್ತಿದ್ದೆ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಅಲ್ಲಲ್ಲಿ ಕುಸಿದು ಬಂದ್ ಆದಾಗ ಅಪ್ಪ ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು. ಆದರೂ ಟಿವಿ ಮುಂದೆ ಕೂತು, ಯಾವ ತಿರುವು, ಯಾವ ಮೋರಿ ಅಂತ ಗುರುತು ಹಿಡಿಯುತ್ತಿದ್ದರಂತೆ. ಅಮ್ಮ ಹೇಳಿದ್ದು.

ಹಾಗಾಗಿ ನನಗೆ ಈ ಬೆಟ್ಟದ ಹುಚ್ಚು ಹತ್ತಿದ್ದು ತುದಿಯನ್ನು ನೋಡಿ ಅಲ್ಲ. ದಾರಿಯ ಒಂದು ಫೋಟೋ ನೋಡಿ. ಬೂದುಬಣ್ಣದ ಕಲ್ಲುರಾಶಿಯ ಮೇಲೆ ಯಾರೋ ಪೆನ್ಸಿಲ್ಲಿನಲ್ಲಿ ಗೀಚಿದ ಹಾಗೆ ತಿರುವಿನ ಮೇಲೆ ತಿರುವು. ಆಗುಂಬೆಯ ಹದಿನಾಲ್ಕು ತಿರುವು ಅದರ ಮುಂದೆ ಏನೂ ಅಲ್ಲ. ಇಂಥ ತಿರುವಿಗೆ ಇಟಲಿಯವರು ಟೋರ್ನಾಂತೆ ಅನ್ನುತ್ತಾರೆ, ತಿರುಗಿ ಬರುವುದು ಅಂತ. ಹೇರ್‌ಪಿನ್‌ಗಿಂತ ಚೆನ್ನಾಗಿದೆ ಅಲ್ವಾ?

ಆಗಸ್ಟಿನ ಒಂದು ಶನಿವಾರ ಹೊರಟೆ. ಜುಲೈ ಅರ್ಧ ಕಳೆಯುವವರೆಗೆ ಮೇಲೆ ಹಿಮ ಉಳಿದಿರುತ್ತದೆ, ಸೆಪ್ಟೆಂಬರ್ ಆದಮೇಲೆ ಮತ್ತೆ ಬೀಳಬಹುದು. ಆಗಸ್ಟಿನಲ್ಲಿ ಮಧ್ಯಾಹ್ನದ ಗುಡುಗಿನ ಭಯ. ಬೋಳು ಬೆಟ್ಟದ ಮೇಲೆ ಸಿಡಿಲಿಗೆ ಸಿಕ್ಕರೆ ಅಡಗಲು ಜಾಗ ಇಲ್ಲ. ಅದಕ್ಕೇ ಬೆಳಿಗ್ಗೆ ಬೇಗ ಹತ್ತಬೇಕು. ಮೂರು ಲೀಟರ್ ನೀರು, ಹಿಂದಿನ ರಾತ್ರಿ ಮಾಡಿಟ್ಟ ಚಿತ್ರಾನ್ನ, ಖರ್ಜೂರ, ಒಂದು ದಪ್ಪ ಜಾಕೆಟ್. ತೂರಿನ್‌ನಲ್ಲಿ ಸೆಖೆ, ಮೇಲೆ ಚಳಿಗಾಲ.

ಮೊದಲ ಭಾಗ ಕಾಡು. ಲಾರ್ಚ್ ಮರಗಳು. ಸೂಜಿ ಎಲೆಯ ಮರವಾದರೂ ಚಳಿಗಾಲದಲ್ಲಿ ಎಲೆ ಉದುರಿಸುತ್ತದೆ, ಅದಕ್ಕೇ ಅದರ ಬುಡದಲ್ಲಿ ಬೆಳಕು ಜಾಸ್ತಿ, ಹುಲ್ಲೂ ಜಾಸ್ತಿ. ದಾರಿ ಇಲ್ಲಿ ಅಗಲವಾಗಿದೆ. ಆದರೂ ಹತ್ತೇ ನಿಮಿಷಕ್ಕೆ ನನ್ನ ಗೇರುಗಳೆಲ್ಲ ಮುಗಿದವು. ಮುಂದೆ 32 ಹಲ್ಲು, ಹಿಂದೆ 51 ಹಲ್ಲು. ಅದಕ್ಕಿಂತ ಹಗುರದ ಗೇರು ನನ್ನ ಸೈಕಲ್ಲಿನಲ್ಲಿ ಇಲ್ಲ. ಗಂಟೆಗೆ ಐದು ಕಿಲೋಮೀಟರ್ ವೇಗ. ಅದಕ್ಕಿಂತ ನಿಧಾನವಾದರೆ ಸೈಕಲ್ ಓಲಾಡುತ್ತದೆ.

ಈ ಏರಿನಲ್ಲಿ ತುಳಿಯಲು ಕಾಲಿನ ಶಕ್ತಿಗಿಂತ ಬೇರೆ ಒಂದು ಸಂಗತಿ ಮುಖ್ಯ. ಸೀಟಿನ ಮೂತಿಗೆ ಬಂದು ಕೂರಬೇಕು. ಎದೆ ಹ್ಯಾಂಡಲ್ ಕಡೆ ಬಗ್ಗಬೇಕು, ಇಲ್ಲದಿದ್ದರೆ ಮುಂದಿನ ಚಕ್ರ ಮೇಲೇಳುತ್ತದೆ. ಬಗ್ಗಿದ್ದು ಜಾಸ್ತಿಯಾದರೆ ಹಿಂದಿನ ಚಕ್ರದ ಮೇಲೆ ಭಾರ ಇಲ್ಲದೆ ಜಲ್ಲಿಯ ಮೇಲೆ ಸುಮ್ನೆ ತಿರುಗುತ್ತದೆ. ಎರಡರ ನಡುವೆ ನಾಲ್ಕು ಬೆರಳಿನಷ್ಟು ಜಾಗ. ಆ ಜಾಗ ಹಿಡಿದುಕೊಂಡು ಗಂಟೆಗಟ್ಟಲೆ ಇರಬೇಕು. ಒಮ್ಮೆ ಕಾಲು ಊರಿದರೆ ಆ ಏರಿನಲ್ಲಿ ಮತ್ತೆ ಹತ್ತಿ ಹೊರಡುವುದು ದೊಡ್ಡ ಕಷ್ಟ. ಪೆಡಲ್ ಅರ್ಧ ಸುತ್ತು ತಿರುಗುವ ಮೊದಲೇ ಬೀಳುತ್ತೇವೆ. ಹಾಗಾಗಿ ನಾನು ಎಲ್ಲಿ ನಿಲ್ಲಬೇಕು ಅನ್ನುವುದನ್ನು ತಿರುವುಗಳಿಗೆ ಬಿಟ್ಟೆ. ತಿರುವಿನ ಮೂಲೆಯಲ್ಲಿ ಒಂದೆರಡು ಮಾರು ಸಮತಟ್ಟು ಸಿಗುತ್ತದೆ. ಫಿರಂಗಿ ಎಳೆಯುವವರೂ ಅಲ್ಲೇ ನಿಂತು ಉಸಿರು ಎಳೆದುಕೊಂಡಿರಬೇಕು.

ಪ್ರಾ ಕ್ಲೌದ್ ಎಂಬ ಪಾಳುಬಿದ್ದ ಹಳ್ಳಿ ದಾಟುವಾಗ ಒಬ್ಬ ಅಜ್ಜ ಹಿಂದಿನಿಂದ ಬಂದರು. ಎಪ್ಪತ್ತು ದಾಟಿರಬೇಕು. ಬ್ಯಾಟರಿ ಸೈಕಲ್. ನನ್ನ ಪಕ್ಕದಲ್ಲಿ ಒಂದು ನಿಮಿಷ ಮಾತಾಡುತ್ತಾ ಬಂದರು. ಅವರು ಮಾತಾಡಿದರು, ನಾನು ಏದುಸಿರು ಬಿಟ್ಟೆ. ಎಲ್ಲಿಯವನು ಎಂದು ಕೇಳಿದರು. ಬೆಂಗಳೂರು ಎಂದೆ. ಕೊಟ್ಟಿಗೆಹಾರ ಅಂದರೆ ಇನ್ನೂ ಮೂರು ವಾಕ್ಯ ಮಾತಾಡಬೇಕಾಗುತ್ತದೆ, ಅಷ್ಟು ಉಸಿರು ಇರಲಿಲ್ಲ. "ಫೋರ್ಸಾ!" ಎಂದು ಹುರಿದುಂಬಿಸಿ ಮುಂದೆ ಹೋದರು. ಅದಕ್ಕಿಂತ ಬೈದಿದ್ದರೆ ವಾಸಿ ಇತ್ತು.

ಕಾಡು ಮುಗಿದ ಮೇಲೆ ಬೆಟ್ಟ ಬಣ್ಣ ಬದಲಾಯಿಸುತ್ತದೆ. ಹಸಿರು ಕಳೆದು ಬೂದು ಬರುತ್ತದೆ. ಉದುರಿದ ಕಲ್ಲುಚೂರುಗಳ ದೊಡ್ಡ ದೊಡ್ಡ ರಾಶಿ. ಬೆಟ್ಟವೇ ಪ್ರತಿ ಚಳಿಗಾಲದಲ್ಲಿ ಸ್ವಲ್ಪ ಸ್ವಲ್ಪ ಒಡೆಯುತ್ತದೆ. ಬಿರುಕಿನಲ್ಲಿ ನೀರು ಹೋಗಿ ಹೆಪ್ಪುಗಟ್ಟಿ ಉಬ್ಬುತ್ತದೆ, ಕಲ್ಲು ಸಿಡಿಯುತ್ತದೆ. ಇಂಥ ಜಾಗದಲ್ಲಿ ರಸ್ತೆ ಉಳಿದಿದ್ದೇ ಆಶ್ಚರ್ಯ.

ಎಲ್ಲ ಕಡೆ ಉಳಿದಿಲ್ಲ. ಒಂದು ಕೊರಕಲು ಬಂತು. ದಾರಿ ಅದರ ಈಚೆ ಇದೆ, ಆಚೆ ಇದೆ, ನಡುವೆ ಇಲ್ಲ. ನೀರು ಕೊಚ್ಚಿಕೊಂಡು ಹೋಗಿದೆ. ಜನ ನಡೆದು ನಡೆದು ಒಂದು ಕಾಲುಹಾದಿ ಆಗಿದೆ, ಒಂದು ಪಾದದಷ್ಟು ಅಗಲ. ಸೈಕಲ್ ಹೆಗಲಿಗೇರಿಸಿ, ಪಕ್ಕಕ್ಕೆ ತಿರುಗಿ ಏಡಿಯ ಹಾಗೆ ದಾಟಿದೆ. ದಾಟಿದ ಮೇಲೆ ತಿರುಗಿ ನೋಡಿದರೆ, ಆಚೆ ಬದಿಯಲ್ಲಿ ಹಳೆಯ ತಡೆಗೋಡೆಯ ಒಂದು ಮೂಲೆ ಗಾಳಿಯಲ್ಲಿ ನೇತಾಡುತ್ತಿದ್ದಂತೆ ನಿಂತಿತ್ತು. ಅದರ ಕೆಳಗಿನ ಮಣ್ಣು ಹೋಗಿದೆ, ಕಲ್ಲುಗಳು ಒಂದನ್ನೊಂದು ಹಿಡಿದುಕೊಂಡು ನಿಂತಿವೆ.

ಆ ಗೋಡೆಗಳನ್ನು ನೋಡುತ್ತಾ ತುಂಬಾ ಹೊತ್ತು ಕಳೆದೆ. ಗಾರೆ ಇಲ್ಲ. ಬರೀ ಕಲ್ಲಿನ ಮೇಲೆ ಕಲ್ಲು. ಬೆಟ್ಟದ ಕಡೆಗೆ ಸ್ವಲ್ಪ ವಾಲಿಸಿ ಕಟ್ಟಿದ್ದಾರೆ. ದೊಡ್ಡ ಕಲ್ಲು ಬುಡದಲ್ಲಿ, ಸಂದಿಗೆ ಚಕ್ಕೆ ಬಡಿದು ಬಿಗಿ ಮಾಡಿದ್ದಾರೆ. ಎರಡು ಕಲ್ಲು ಸೇರುವ ಗೆರೆಯ ಮೇಲೆ ಮೂರನೆಯದು ಕೂತಿದೆ. ಒಂದು ಕಡೆ ಕಲ್ಲಿನ ಮೇಲೆ ಉಳಿಯ ಗುರುತು ಇನ್ನೂ ಬೆರಳಿಗೆ ಸಿಗುತ್ತಿತ್ತು, ಅಕ್ಕಪಕ್ಕ ನಾಲ್ಕು ಗೆರೆ, ಐದನೆಯದು ಜಾರಿ ಓರೆಯಾಗಿತ್ತು. ಹೊಡೆಯುವವನ ಕೈ ಚಳಿಗೆ ಮರಗಟ್ಟಿತ್ತೋ ಏನೋ. ಗೋಡೆಯಲ್ಲಿ ಅಲ್ಲಲ್ಲಿ ಕಿಂಡಿ ಬಿಟ್ಟಿದ್ದಾರೆ, ಹಿಂದೆ ನಿಂತ ನೀರು ಹೊರಗೆ ಹೋಗಲಿ ಅಂತ. ಬಗ್ಗಿ, ಫೋನ್ ಹಿಡಿದು, ಎಲ್ಲದರ ಫೋಟೋ ತೆಗೆದೆ. ಹಿಂದೆ ಬಂದ ಇಬ್ಬರು ಜರ್ಮನ್ ಹುಡುಗಿಯರು ನನಗೆ ಏನೋ ಆಗಿದೆ ಅಂದುಕೊಂಡು ನೀರು ಬೇಕಾ ಎಂದು ಕೇಳಿದರು.

ಅಲ್ಲಿಂದ ಮುಂದೆ ಕುರಿಮಂದೆ. ದೂರದಿಂದಲೇ ಗಂಟೆ ಸದ್ದು. ಇಲ್ಲಿ ತೋಳಗಳು ವಾಪಸ್ ಬಂದಿವೆ, ಅದಕ್ಕೇ ಮಂದೆಯ ಜೊತೆ ದೊಡ್ಡ ಬಿಳಿ ನಾಯಿಗಳನ್ನು ಬಿಟ್ಟಿರುತ್ತಾರೆ. ಅವುಗಳಿಗೆ ಸೈಕಲ್ ಅಂದರೆ ಆಗದು. ಇಳಿಯಬೇಕು, ಸೈಕಲ್ಲನ್ನು ನಮ್ಮ ಮತ್ತು ನಾಯಿಯ ನಡುವೆ ಇಟ್ಟುಕೊಳ್ಳಬೇಕು, ಮಂದೆಯನ್ನು ಸುತ್ತಿಕೊಂಡು ನಿಧಾನ ನಡೆಯಬೇಕು. ಎರಡು ನಾಯಿಗಳು ಬಂದವು. ನಾನು ಕನ್ನಡದಲ್ಲಿ "ಏನಿಲ್ಲ ಕಣೋ, ಹೋಗ್ತಾ ಇದೀನಿ" ಎಂದೆ. ಮೂಸಿ ನೋಡಿ ಬಿಟ್ಟವು.

ಕಣಿವೆಯ ತಲೆಯಲ್ಲಿ ಶಾಬರ್ತೋನ್ ಕೊಲ್ ಇದೆ, ಎರಡು ಬೆಟ್ಟಗಳ ನಡುವಿನ ತಗ್ಗು. ಅದೇ 2,670 ಮೀಟರ್ ಆಸುಪಾಸು. ಅಲ್ಲಿಗೆ ಹೋಗುವ ಕಡೆಯ ಏರಿನಲ್ಲಿ ತುಳಿಯುವುದನ್ನು ಬಿಟ್ಟೇಬಿಟ್ಟೆ. ಮೇಲೆ ಹೋದರೆ ಅಜ್ಜ ಕೂತಿದ್ದರು. ಬ್ಯಾಟರಿ ಮುಗಿದಿತ್ತು. ಇಪ್ಪತ್ತು ಕಿಲೋ ಮೀರಿದ ಸೈಕಲ್ಲನ್ನು ಇನ್ನು ತಳ್ಳುವುದಿಲ್ಲ, ಇಲ್ಲೇ ಬ್ರೆಡ್ಡು ಚೀಸು ತಿಂದು ಇಳಿಯುತ್ತೇನೆ ಎಂದರು. ನಾನು ಚಿತ್ರಾನ್ನದ ಡಬ್ಬಿ ಮುಂದೆ ಹಿಡಿದೆ. ಸ್ವಲ್ಪ ತಿಂದು, ಹಸಿಮೆಣಸಿನಕಾಯಿ ಕಚ್ಚಿ, ಕಣ್ಣಲ್ಲಿ ನೀರು ತಂದುಕೊಂಡು, ಆದರೂ ಇನ್ನೊಂದು ತುತ್ತು ತೆಗೆದುಕೊಂಡರು. ಸೇಡು ತೀರಿತು ಅಂತ ಅನ್ನಿಸಿದ್ದು ಸುಳ್ಳಲ್ಲ.

ಕೊಲ್‌ನಿಂದ ತುದಿಗೆ ಇನ್ನೂ 460 ಮೀಟರ್ ಏರು. ಮತ್ತೆ ತಿರುವುಗಳು. ಜಲ್ಲಿ ಸಡಿಲ, ಒಂದು ಹೆಜ್ಜೆ ಮೇಲಿಟ್ಟರೆ ಅರ್ಧ ಹೆಜ್ಜೆ ಕೆಳಗೆ. ಈ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಇಪ್ಪತ್ತು ಹೆಜ್ಜೆ ತಳ್ಳು, ನಿಲ್ಲು. ಹದಿನೈದು ಹೆಜ್ಜೆ, ನಿಲ್ಲು. ಜೇಬಿನಲ್ಲಿ ಫೋನ್ ಟಿಂಗ್ ಅಂತು. ಫ್ರಾನ್ಸಿಗೆ ಸ್ವಾಗತ ಅಂತ ಮೆಸೇಜು. ಗಡಿ ಯಾವಾಗ ದಾಟಿದೆ ಅಂತ ಗೊತ್ತೇ ಆಗಿರಲಿಲ್ಲ.

ಈ ಗಡಿಯ ಕಥೆಯೇ ಈ ದಾರಿಯ ಕಥೆ. 1882ರಲ್ಲಿ ಇಟಲಿ ಜರ್ಮನಿ ಮತ್ತು ಆಸ್ಟ್ರಿಯಾ ಜೊತೆ ಕೂಟ ಮಾಡಿಕೊಂಡಿತು. ಫ್ರಾನ್ಸ್ ವೈರಿಯಾಯಿತು. ಬೆಟ್ಟದ ಆಚೆ ಫ್ರಾನ್ಸಿನ ಬ್ರಿಯಾನ್ಸನ್, ಸುತ್ತ ಕೋಟೆಗಳು. ಶಾಬರ್ತೋನ್ ತುದಿಯಲ್ಲಿ ಫಿರಂಗಿ ಇಟ್ಟರೆ ಅವೆಲ್ಲ ಕೈಗೆ ಸಿಕ್ಕಿದ ಹಾಗೆ. 1890ರ ದಶಕದ ಕೊನೆಯಲ್ಲಿ ಕೆಲಸ ಶುರುವಾಯಿತು, 1910ರ ಹೊತ್ತಿಗೆ ಮುಗಿಯಿತು. ವರ್ಷದಲ್ಲಿ ಕೆಲವೇ ತಿಂಗಳು ಕೆಲಸ ಮಾಡಲು ಆಗುವ ಜಾಗ. ಮೊದಲು ದಾರಿ, ಆಮೇಲೆ ಬೆಟ್ಟದ ನೆತ್ತಿ ಕಡಿದು ಸಮತಟ್ಟು, ಅದರ ಮೇಲೆ ಸಾಲಾಗಿ ಎಂಟು ಕಲ್ಲಿನ ಗೋಪುರ, ಪ್ರತಿ ಗೋಪುರದ ಮೇಲೆ ತಿರುಗುವ ಕವಚದೊಳಗೆ 149 ಮಿಲಿಮೀಟರ್ ಫಿರಂಗಿ. ಗೋಪುರ ಯಾಕೆ? ಹಿಮ ಎಷ್ಟು ಬಿದ್ದರೂ ಫಿರಂಗಿ ಹೂತುಹೋಗಬಾರದು ಅಂತ. ಕವಚದ ಲೋಹ ಮಾತ್ರ ತೆಳ್ಳಗೆ. ಇಷ್ಟು ಎತ್ತರಕ್ಕೆ ಯಾರ ಗುಂಡೂ ಬರುವುದಿಲ್ಲ ಎಂಬ ಧೈರ್ಯ.

1915ರಲ್ಲಿ ಇಟಲಿ ಪಕ್ಷ ಬದಲಿಸಿ ಫ್ರಾನ್ಸಿನ ಜೊತೆ ಸೇರಿತು. ಫಿರಂಗಿಗಳನ್ನು ಬಿಚ್ಚಿ ಕೆಳಗಿಳಿಸಿ ಆಸ್ಟ್ರಿಯಾ ಗಡಿಗೆ ಕಳಿಸಿದರು. ಯುದ್ಧ ಮುಗಿದ ಮೇಲೆ ಮತ್ತೆ ಹತ್ತಿಸಿದರು. ನಾನು ಹದಿನಾಲ್ಕು ಕಿಲೋದ ಸೈಕಲ್ ತಳ್ಳುತ್ತಾ ಇದನ್ನು ನೆನೆಸಿಕೊಂಡೆ.

ತುದಿ ತಲುಪಿದಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಫೆನಿಲ್ಸ್ ಬಿಟ್ಟು ಐದೂವರೆ ಗಂಟೆ. ತೆಂಗಿನಕಾಯಿ ಒಡೆಯುವಂಥ ಯಾವ ಭಾವನೆಯೂ ಬರಲಿಲ್ಲ. ಕೂತೆ. ಒಂದು ಕಡೆ ಎಕ್ರಾನ್ ಬೆಟ್ಟಗಳ ಹಿಮ, ಇನ್ನೊಂದು ಕಡೆ ದೂರದಲ್ಲಿ ಚೂಪಾದ ಮೊನ್‌ವಿಜೊ. ಎದುರಿಗೆ ಎಂಟು ಗೋಪುರ. ಕೆಲವು ಹೆಚ್ಚುಕಡಿಮೆ ನೆಟ್ಟಗಿವೆ. ಕೆಲವು ಸೀಳಿ, ಒಳಗಿನ ಕಲ್ಲು ಹೊರಗೆ ಬಂದಿವೆ. ನೆಲದ ತುಂಬಾ ತುಕ್ಕು ಹಿಡಿದ ಮುಳ್ಳುತಂತಿ, ಮೊಳೆ, ತಗಡು.

1940ರ ಜೂನ್ 10ರಂದು ಇಟಲಿ ಫ್ರಾನ್ಸಿನ ಮೇಲೆ ಯುದ್ಧ ಸಾರಿತು. ಫ್ರೆಂಚರು ಬ್ರಿಯಾನ್ಸನ್ ಹತ್ತಿರದ ಗುಡ್ಡಗಳ ಮರೆಯಲ್ಲಿ ನಾಲ್ಕು 280 ಮಿಲಿಮೀಟರ್ ಮಾರ್ಟರ್‌ಗಳನ್ನು ಇಟ್ಟು ಕಾದಿದ್ದರು. ಮಾರ್ಟರ್ ಗುಂಡು ಕಲ್ಲೆಸೆದ ಹಾಗೆ ಮೇಲೆ ಹೋಗಿ ತಲೆಯ ಮೇಲೆ ಬೀಳುತ್ತದೆ. ಅದಕ್ಕೆ ಎದುರಿಗೆ ಗುಡ್ಡ ಇದ್ದರೂ ಲೆಕ್ಕವಿಲ್ಲ. ಒಂದೊಂದು ಗುಂಡು ಇನ್ನೂರು ಕಿಲೋ ಮೇಲೆ. ಶಾಬರ್ತೋನ್ ಮಾತ್ರ ಮೋಡದಲ್ಲಿ ಮುಚ್ಚಿಕೊಂಡಿತ್ತು. 21ರಂದು ಮೋಡ ಸರಿಯಿತು. ಆಕಾಶಕ್ಕೆ ಎದುರಾಗಿ ಎಂಟು ಗೋಪುರ, ಸಾಲಾಗಿ, ಎಣಿಸಿಕೊಳ್ಳಿ ಎನ್ನುವ ಹಾಗೆ. ಸಂಜೆಯ ಹೊತ್ತಿಗೆ ಎಂಟರಲ್ಲಿ ಆರು ಹೋದವು. ಒಳಗಿದ್ದ ಸೈನಿಕರೂ ಸತ್ತರು. ಮೂರು ದಿನದಲ್ಲಿ ಕದನವಿರಾಮಕ್ಕೆ ಸಹಿ ಬಿತ್ತು. ಮುಂದೆ 1947ರ ಪ್ಯಾರಿಸ್ ಒಪ್ಪಂದದಲ್ಲಿ ಬೆಟ್ಟದ ತುದಿಯೇ ಫ್ರಾನ್ಸಿನ ಪಾಲಾಯಿತು. ದಾರಿ ಹಾಕಿದವರಿಗೆ ದಾರಿಯ ಕೆಳಗಿನ ಭಾಗ ಉಳಿಯಿತು.

ನಂದಿದುರ್ಗ ನೆನಪಾಯಿತು. ಟಿಪ್ಪುವಿನ ಕಾಲದಲ್ಲಿ ಅದನ್ನೂ ಹೀಗೇ ನಂಬಿದ್ದರು, ಆ ಕಡಿದಾದ ಬೆಟ್ಟಕ್ಕೆ ಫಿರಂಗಿ ಹತ್ತಿಸುವವರು ಯಾರು ಅಂತ. 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯ ವಾರಗಟ್ಟಲೆ ದಾರಿ ಮಾಡಿಕೊಂಡು ಹತ್ತಿಸಿಯೇಬಿಟ್ಟಿತು. ಈಗ ಭಾನುವಾರ ಬೆಳಿಗ್ಗೆ ಬೆಂಗಳೂರಿನ ಅರ್ಧ ಸೈಕಲ್ ಅಲ್ಲೇ ಇರುತ್ತದೆ. ಫಿರಂಗಿಯ ಜಾಗಗಳಿಗೆಲ್ಲ ಕೊನೆಗೆ ನಾವೇ ಗತಿ.

ಹಿಂದಿನ ಟೈರು ಬುಸ್ ಅಂದದ್ದು ಆಗ. ಮುಳ್ಳುತಂತಿಯ ಒಂದು ತುಂಡು. ತಪ್ಪು ನನ್ನದೇ, ಫೋಟೋಗೆ ಚೆನ್ನಾಗಿ ಬರಲಿ ಅಂತ ಸೈಕಲ್ಲನ್ನು ಗೋಪುರದವರೆಗೆ ಹೊಡೆದುಕೊಂಡು ಹೋಗಿದ್ದೆ. ಟ್ಯೂಬ್‌ಲೆಸ್ ಟೈರಿನೊಳಗಿನ ಬಿಳಿ ದ್ರವ ಹಾಲು ಉಕ್ಕಿದ ಹಾಗೆ ಉಕ್ಕಿತು, ತೂತು ಮುಚ್ಚಲಿಲ್ಲ. ನಮ್ಮೂರ ಪಂಕ್ಚರ್ ಅಂಗಡಿಯಲ್ಲಿ ಬೈಕಿನ ಟೈರಿಗೆ ಸೂಜಿಯಲ್ಲಿ ಚುಚ್ಚಿ ತುಂಬುತ್ತಾರಲ್ಲ, ಆ ಅಂಟಿನ ದಾರ, ಅದರದೇ ಸಣ್ಣ ತಮ್ಮ ನನ್ನ ಬ್ಯಾಗಿನಲ್ಲಿತ್ತು. ಒಂದು ಸಾಲಲಿಲ್ಲ. ಎರಡು ಒಟ್ಟಿಗೆ ತುರುಕಿದೆ. ಕೈ ಪಂಪಿನಲ್ಲಿ ಗಾಳಿ ಹೊಡೆದೆ. 3,131 ಮೀಟರ್ ಎತ್ತರದಲ್ಲಿ ಇನ್ನೂರು ಸಲ ಪಂಪ್ ಹೊಡೆಯುವುದು ಹೇಗಿರುತ್ತದೆ ಅಂತ ವರ್ಣಿಸುವುದಿಲ್ಲ. ಫ್ರಾನ್ಸ್ ಕಡೆಯಿಂದ ಮೋಡ ಏಳುತ್ತಿತ್ತು.

ಇಳಿಯುವುದು ಬೇಗ ಮುಗಿಯಿತು. ಸಡಿಲ ಜಲ್ಲಿಯಲ್ಲಿ ಮೊದಮೊದಲು ಹೆದರಿ ಬ್ರೇಕು ಬಿಗಿಹಿಡಿದೆ. ಕಾಡು ಬರುವಷ್ಟರಲ್ಲಿ ಡಿಸ್ಕಿನಿಂದ ಸುಟ್ಟ ವಾಸನೆ. ಬೆರಳುಗಳು ಮಡಚಿದ್ದು ಮಡಚಿದ ಹಾಗೆಯೇ. ಫೆನಿಲ್ಸ್ ನಲ್ಲಿಯ ನೀರಿಗೆ ತಲೆ ಕೊಟ್ಟು ನಿಂತಾಗ ಮೇಲೆ ಗುಡುಗು ಶುರುವಾಯಿತು.

ರೈಲಿನಲ್ಲಿ ಅಪ್ಪನಿಗೆ ಫೋಟೋ ಕಳಿಸಿದೆ. ತುದಿಯದು, ಗೋಪುರದ ಮುಂದೆ ಸೈಕಲ್ ಎತ್ತಿ ಹಿಡಿದದ್ದು, ಹಿಮದ ಬೆಟ್ಟಗಳು, ಕೊನೆಗೆ ಗೋಡೆಗಳದು. ಆ ಹೊತ್ತಿಗೆ ಊರಲ್ಲಿ ರಾತ್ರಿ ಹತ್ತಾಗಿತ್ತು. ಮಲಗಿರುತ್ತಾರೆ ಅಂದುಕೊಂಡೆ. ಐದು ನಿಮಿಷಕ್ಕೆ ಫೋನ್ ಬಂತು.

"ನೋಡಿದೆ. ಗಾರೆ ಹಾಕಿಲ್ಲ ಅಲ್ವಾ?"

"ಇಲ್ಲ ಅಪ್ಪ. ಬರೀ ಕಲ್ಲು."

"ಹ್ಞಾಂ. ಅದಕ್ಕೇ ನಿಂತಿದೆ. ಗಾರೆ ಹಾಕಿದ್ರೆ ನೀರು ಹಿಂದೆ ಕಟ್ಟಿಕೊಂಡು ಎಂದೋ ಉಬ್ಬಿ ಬೀಳ್ತಿತ್ತು. ಕಟ್ಟಿದೋನು ಕೆಲಸ ಗೊತ್ತಿದ್ದೋನು." ಸ್ವಲ್ಪ ತಡೆದರು. ಫೋಟೋವನ್ನು ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡುತ್ತಿದ್ದರು ಅಂತ ಕಾಣುತ್ತದೆ. "ಕೊನೆಯಿಂದ ಮೂರನೇದರಲ್ಲಿ ಗೋಡೆ ಬುಡಕ್ಕೆ ಒಂದು ಕಿಂಡಿ ಇದೆಯಲ್ಲ. ಅದರೊಳಗೆ ಮಣ್ಣು ಕಟ್ಟಿದೆ. ಕೈ ಹಾಕಿ ತೆಗೆದ್ಯಾ?"

"ಇಲ್ಲ."

"ಅಷ್ಟು ದೂರ ಹೋಗಿ, ಸುಮ್ನೆ ಫೋಟೋ ಹೊಡ್ಕೊಂಡು ಬಂದ್ಯಾ?" ಎಂದರು.